ಜೇಬಿನಲ್ಲಿ ಕಂಡ ದ್ವೀಪ

ಅರವತ್ತು ತುಂಬಿದ ಗಂಡಸಿಗೆ ಮನೆಯವರು ಶಾಂತಿ ಮಾಡಿಸುವುದುಂಟು. ಹೋಮ, ಕಲಶ, ಹೆಂಡತಿಯ ಕೊರಳಿಗೆ ಇನ್ನೊಂದು ಸಲ ತಾಳಿ, ದೇವಸ್ಥಾನದ ಬೇಸ್‌ಮೆಂಟಿನಲ್ಲಿ ಬಾಳೆಲೆ ಊಟ. ಕೆನಡಾದ ರೆಕ್ಸ್‌ಡೇಲಿನ ತುಕ್ರಣ್ಣನಿಗೆ ಮಗಳು ಮಾಡಿಸಲು ಹೊರಟದ್ದು ಅದ್ಯಾವುದೂ ಅಲ್ಲ, ನಾಲ್ಕು ದಿನದ ಇಬೀಜಾ ಪ್ರವಾಸ! ಹೌದು ಸ್ವಾಮಿ, ಅದೇ ಇಬೀಜಾ. ಮೆಡಿಟರೇನಿಯನ್ ಸಮುದ್ರದ ನಡುವೆ, ಲೋಕದ ಪ್ರಾಯದವರೆಲ್ಲ ಬಂದು ಸೋಪಿನ ನೊರೆಯಲ್ಲಿ ಮುಳುಗಿ ಕುಣಿಯುವ ದ್ವೀಪ. ಕನ್ನಡ ಸಂಘದ ಸಂಕ್ರಾಂತಿ ಕೂಟದಲ್ಲಿ ಈ ಸುದ್ದಿ ಕೇಳಿದ ಜಯಶೀಲಾ ಟೀಚರಿಗೆ ಎಳ್ಳುಬೆಲ್ಲ ಗಂಟಲಲ್ಲಿ ಸಿಕ್ಕಿ, ಯಾರೋ ಬೆನ್ನು ತಟ್ಟಬೇಕಾಯಿತು.

"ಶಾಂತಿ ಮಾಡಿಸ್ಕೊಳ್ಳೋ ವಯಸ್ಸಲ್ಲಿ ಡಿಸ್ಕೋನಾ ತುಕ್ರಣ್ಣ?" ಎಂದು ಆಕೆ ಕೆಮ್ಮುತ್ತಲೇ ಕೇಳಿದರು.

ಎಲ್ಲರೂ ನಕ್ಕರು. ತುಕ್ರಣ್ಣನೂ ನಕ್ಕ. ಆದರೆ ಒಳಗೆ ಅವನ ಜೀವ ಪುಕುಪುಕು ಅನ್ನುತ್ತಿತ್ತು. ಕಾರಣ ಡಿಸ್ಕೋ ಅಲ್ಲ. ಕಾರಣ ಬೇರೆಯೇ ಇತ್ತು, ಮತ್ತು ಅದನ್ನು ಅವನು ಸುಮಾರು ಮೂವತ್ತು ವರ್ಷಗಳಿಂದ ಹೆಂಡತಿಗೂ ಹೇಳಿರಲಿಲ್ಲ.

ಈ ತುಕ್ರಣ್ಣನ ಪೂರ್ವೋತ್ತರ ಸ್ವಲ್ಪ ಹೇಳಿಬಿಡುತ್ತೇನೆ. ಉಡುಪಿಯ ಹತ್ತಿರ ಉದ್ಯಾವರದ ಹೊಳೆಬದಿಯಲ್ಲಿ ಮಡಿವಾಳರ ಮನೆ. ಶುಕ್ರವಾರ ಹುಟ್ಟಿದ್ದಕ್ಕೆ ತುಕ್ರ ಎಂದು ಹೆಸರು. ತಾಯಿಯನ್ನು ತುಳುವಿನಲ್ಲಿ ಅಪ್ಪೆ ಎನ್ನುತ್ತಾರೆ. ಅವನ ಅಪ್ಪೆ ಊರಿನ ಹದಿನೆಂಟು ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಬಟ್ಟೆಯ ಗಂಟು ಬಿಚ್ಚಿದರೆ ಸಾಕು, ಯಾರ ಮನೆಯಲ್ಲಿ ಮಗುವಿಗೆ ಜ್ವರ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾವ ಯಜಮಾನ ಎಲ್ಲಿ ಕೂತು ಎಷ್ಟು ಕುಡಿದು ಬಂದ, ಎಲ್ಲವೂ ಅವಳಿಗೆ ತಿಳಿದುಬಿಡುತ್ತಿತ್ತು. ತಿಳಿದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ, ಅದು ಅವಳ ಒಂದು ಕಟ್ಟುಪಾಡು. ಇನ್ನೊಂದು ಕಟ್ಟುಪಾಡು ಜೇಬಿನದು. ಜೇಬಿನಲ್ಲಿ ನಾಣ್ಯ ಸಿಗಲಿ, ಗುಂಡಿ ಸಿಗಲಿ, ಬೀಡಿಯ ತುಂಡೇ ಸಿಗಲಿ, ಅದನ್ನು ಅದೇ ಬಟ್ಟೆಯ ತುದಿಯಲ್ಲಿಟ್ಟು ಗಂಟು ಹಾಕಿ ವಾಪಸು ಕೊಡುತ್ತಿದ್ದಳು. ಒಗೆದ ಪಂಚೆಯ ತುದಿಯಲ್ಲಿ ಗಂಟು ಕಂಡರೆ ಊರಿನವರಿಗೆ ಗೊತ್ತು, ತಮ್ಮದೇನೋ ವಾಪಸು ಬಂದಿದೆ ಎಂದು. ತುಕ್ರ ಎಂಟು ವರ್ಷಕ್ಕೇ ಆ ಗಂಟು ಹಾಕುವುದನ್ನು ಕಲಿತ.

ದೊಡ್ಡವನಾಗಿ ಮುಂಬಯಿಗೆ ಹೋಗಿ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ತೀಡಿದ. ಅಲ್ಲಿಂದ ಪ್ರವಾಸಿ ಹಡಗಿಗೆ ಸೇರಿದ. ಹಡಗು ಎಂದ ಕೂಡಲೇ ಊರಿನವರ ಬಾಯಲ್ಲಿ ನೀರೂರಿತು. ಪಾಪ, ಹಡಗಿನ ಲಾಂಡ್ರಿ ಎಲ್ಲಿರುತ್ತದೆ ಎಂದು ಅವರಿಗೇನು ಗೊತ್ತು? ನೀರಿನ ಮಟ್ಟಕ್ಕಿಂತಲೂ ಕೆಳಗೆ, ಕಿಟಕಿ ಇಲ್ಲದ ಕಬ್ಬಿಣದ ಕೋಣೆ. ಹಗಲೂ ರಾತ್ರಿಯೂ ಒಂದೇ ಟ್ಯೂಬ್‌ಲೈಟು. ಎರಡು ಸಾವಿರ ಜನರ ಚಾದರ, ಟವೆಲು, ಅಂಗಿ, ಚಡ್ಡಿ. ಶನಿವಾರ ಹಳೆಯ ಪ್ರವಾಸಿಗರು ಇಳಿದು ಹೊಸಬರು ಹತ್ತುತ್ತಿದ್ದರು, ಅಷ್ಟರೊಳಗೆ ಎಲ್ಲ ಹಾಸಿಗೆಗೂ ಹೊಸ ಚಾದರ ಸಿದ್ಧವಾಗಿರಬೇಕು. ಹಾಗಾಗಿ ಶುಕ್ರವಾರವೆಂದರೆ ಲಾಂಡ್ರಿಯವರಿಗೆ ಉಸಿರು ಬಿಡಲು ಪುರುಸೊತ್ತಿಲ್ಲ. ಮತ್ತು ಹಡಗು ಇಬೀಜಾದಲ್ಲಿ ನಿಲ್ಲುತ್ತಿದ್ದದ್ದು ವಾರ ವಾರವೂ ಶುಕ್ರವಾರವೇ!

ಎರಡು ವರ್ಷ ಹೀಗೇ ಹೋಯಿತು. ಹಡಗು ನಿಂತ ಸದ್ದು ಕೇಳುತ್ತಿತ್ತು, ಜನ ಇಳಿದು ಹೋಗುವ ಗೌಜಿ ಕೇಳುತ್ತಿತ್ತು. ಸಂಜೆ ಅವರ ಬಟ್ಟೆ ಕೆಳಗೆ ಬರುತ್ತಿತ್ತು. ತುಕ್ರ ಜೇಬುಗಳನ್ನು ಒಳಗಿನಿಂದ ಹೊರಕ್ಕೆ ಮಗುಚುತ್ತಿದ್ದ. ಪ್ಯಾಂಟಿನ ಅಂಚಿನಲ್ಲಿ ಕೆಂಪು ಮಣ್ಣು, ಥೇಟ್ ಉದ್ಯಾವರದ ಗುಡ್ಡೆಯ ಮಣ್ಣಿನ ಬಣ್ಣ. ಅಂಗಿಯ ಮೇಲೆ ಅಂಜೂರದ ಕಲೆ. ಲಂಗದ ತುದಿಯಲ್ಲಿ ಉಪ್ಪಿನ ಬಿಳಿ ಗೆರೆ. ಒಂದು ಜೇಬಿನಲ್ಲಿ ಹಲ್ಲಿಯ ಚಿತ್ರವಿದ್ದ ಬೆಂಕಿಪೊಟ್ಟಣ. ಪ್ರಾಯದವರ ಬಟ್ಟೆಯಲ್ಲಂತೂ ಮಿನುಗುವ ಪುಡಿ. ಆ ದರಿದ್ರ ಪುಡಿ ಮೆಶಿನಿನ ಜಾಲರಿಗೆ ಮೆತ್ತಿಕೊಂಡು, ಶನಿವಾರ ಕ್ಯಾಪ್ಟನ್ನನ ಬಿಳಿ ಯೂನಿಫಾರ್ಮು ಯಕ್ಷಗಾನದ ವೇಷದ ಹಾಗೆ ಮಿನುಗಿ ಬೈಗುಳ ತಿಂದದ್ದೂ ಉಂಟು. ಸಿಕ್ಕಿದ ವಸ್ತುಗಳನ್ನೆಲ್ಲ ತುಕ್ರ ಬಟ್ಟೆಯ ಜೊತೆಗೇ ಕಟ್ಟಿ ಮೇಲೆ ಕಳಿಸುತ್ತಿದ್ದ. ಒಂದೇ ಒಂದು ಉಳಿಯಿತು. ಚೀಟಿ ಬಿದ್ದುಹೋಗಿ ಯಾರದೆಂದು ತಿಳಿಯದ ಒಂದು ಪ್ಯಾಂಟಿನ ಜೇಬಿನಲ್ಲಿ, ಹಳದಿ ಬಣ್ಣದ ಬಸ್ ಟಿಕೇಟು. ಹೋಗುವ ಭಾಗ ಹರಿದಿತ್ತು, ಬರುವ ಭಾಗ ಹಾಗೇ ಇತ್ತು. ಅದನ್ನು ಅವನು ತನ್ನ ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಂಡ.

ಕೆಲಸ ಬಿಟ್ಟು ಊರಿಗೆ ಬಂದಾಗ ಮದುವೆಯಾಯಿತು. ಹುಡುಗಿ ಮೈಸೂರಿನವಳು, ಕೋಕಿಲಾ, ನರ್ಸಿಂಗ್ ಓದಿದವಳು. ಕುಲ ಒಂದೇ ಆದರೂ ಅವಳಿಗೆ ತುಳುವಿನ ಒಂದಕ್ಷರ ಬಾರದು, ಹೀಗಾಗಿ ಮನೆಯ ಮಾತು ಕನ್ನಡವೇ ಆಯಿತು. ಮೊದಲ ಸಲ ಮಾವನ ಮನೆಗೆ ಹೋದಾಗ ನಡುಮನೆಯಲ್ಲಿ ಇಪ್ಪತ್ತು ಜನ ಸೇರಿದ್ದರು. "ಅಳಿಯಂದ್ರೆ, ಯಾವ್ಯಾವ ದೇಶ ನೋಡಿದ್ರಿ?" ಎಂದು ಮಾವ ಕೇಳಿದರು. ನೋಡಿದ್ದು ಏನು, ಮಣ್ಣಂಗಟ್ಟಿ! ಟ್ಯೂಬ್‌ಲೈಟು ನೋಡಿದ್ದೆ ಎನ್ನಲಾಗುತ್ತದೆಯೇ? ಹೊಸ ಹೆಂಡತಿ ಬಾಗಿಲ ಹಿಂದೆ ನಿಂತು ಕಿವಿಗೊಟ್ಟಿದ್ದಳು. ತುಕ್ರ ಬಾಯಿ ತೆರೆದ, ಬಾಯಿಂದ ಇಬೀಜಾ ಬಂತು. ಕೋಟೆಯ ಮೆಟ್ಟಿಲ ಮೇಲೆ ಕೂತು ಅಂಜೂರ ಮಾರುವ ಅಜ್ಜಿ, ಕೆಂಪು ಮಣ್ಣಿನ ದಾರಿ, ಉಪ್ಪಿನ ಗದ್ದೆ, ಹೆಗಲ ಮೇಲೆ ಹಲ್ಲಿ ಕೂರಿಸಿಕೊಂಡ ಅಂಗಡಿಯವ. ಜನ ರೈಲು ಬಿಡುತ್ತಾರೆ, ತುಕ್ರ ಹಡಗನ್ನೇ ಬಿಟ್ಟ.

ಆಮೇಲೆ ಕೋಕಿಲಾಳ ಕೆಲಸದಿಂದಾಗಿ ಕೆನಡಾಕ್ಕೆ ಬಂದದ್ದು, ಅವಳು ವೃದ್ಧಾಶ್ರಮದಲ್ಲಿ, ಇವನು ರೆಕ್ಸ್‌ಡೇಲಿನಲ್ಲಿ ಹೋಟೆಲುಗಳಿಗೆ ಚಾದರ ಒಗೆದು ಕೊಡುವ ದೊಡ್ಡ ಲಾಂಡ್ರಿಯಲ್ಲಿ. ಮಗಳು ಪ್ರಜ್ಞಾ ಹುಟ್ಟಿದಳು. ಭಾನುವಾರ ಮಧ್ಯಾಹ್ನ ಕೋಕಿಲಾ ಡ್ಯೂಟಿಗೆ ಹೋದರೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಮನೆಯ ಚಾದರಗಳನ್ನು ಮಡಿಸುವುದು ಅವರಿಬ್ಬರ ಕೆಲಸ. ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ತುದಿ ಕುರ್ಚಿಯ ಮೇಲೆ ನಿಂತ ಮಗಳ ಕೈಯಲ್ಲಿ. ಝಾಡಿಸುವುದು, ಎಳೆಯುವುದು, ತುದಿಗೆ ತುದಿ ಸೇರಿಸಲು ಹತ್ತಿರ ಬರುವುದು. ಹತ್ತಿರ ಬಂದಾಗಲೆಲ್ಲ ಅವಳ ಪ್ರಶ್ನೆ: "ಆಮೇಲೆ? ಹಲ್ಲಿ ಏನು ಮಾಡ್ತು?" ಒಂದು ಚಾದರಕ್ಕೆ ಒಂದು ಕತೆ. ಅಜ್ಜಿಗೆ ಕತೆಯಲ್ಲಿ ಮೊಮ್ಮಕ್ಕಳಾದರು, ಹಲ್ಲಿಗೆ ಹೆಸರು ಬಂತು. ಹೊರಗೆ ಎಷ್ಟೇ ಹಿಮ ಬೀಳಲಿ, ಆ ಕೋಣೆಯಲ್ಲಿ ಬಿಸಿ ಬಟ್ಟೆಯ ಸುವಾಸನೆ, ಮಗಳ ನಗು. ತುಕ್ರಣ್ಣನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನಗಳು ಬರಲಿಲ್ಲ, ಅವನೇ ಎಷ್ಟೋ ಸಲ ಹಾಗೆ ಅಂದುಕೊಂಡಿದ್ದಾನೆ. ಎರಡನೆಯ ತರಗತಿಯಲ್ಲಿ ಅವಳು ಆ ಹಳದಿ ಟಿಕೇಟನ್ನು ಶಾಲೆಗೆ ಒಯ್ದು, ಎಲ್ಲರೆದುರು ನಿಂತು, ಇದು ನನ್ನ ಅಪ್ಪ ಓಡಾಡಿದ ಬಸ್ಸಿನ ಟಿಕೇಟು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಳು. ಟೀಚರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಕೊಟ್ಟಿದ್ದರು. ಅಂದು ಹೇಳಬೇಕಿತ್ತು. ಹೇಳಲಿಲ್ಲ.

ಈಗ ಪ್ರಜ್ಞಾಗೆ ಇಪ್ಪತ್ತೇಳು. ಸ್ಟೌಫ್‌ವಿಲ್‌ನಲ್ಲಿ ಗೆಳತಿ ನಿಧಿಯ ಜೊತೆ ಮನೆ ಮಾಡಿಕೊಂಡು ರೈಲಿನಲ್ಲಿ ಟೊರಾಂಟೊ ಆಫೀಸಿಗೆ ಓಡಾಡುತ್ತಾಳೆ. ಜನವರಿಯ ಆ ಭಾನುವಾರ ಬಂದವಳು ಬೂಟು ಕಳಚುವ ಮೊದಲೇ ಲ್ಯಾಪ್‌ಟಾಪು ತೆರೆದಳು.

"ಅಪ್ಪಾ, ನೋ ಅನ್ನಬಾರ್ದು. ಟಿಕೆಟ್ಸ್ ಬುಕ್ ಆಯ್ತು. ಮೇ ತಿಂಗಳು, ನಾವು ಮೂರೇ ಜನ, ಫೋರ್ ನೈಟ್ಸ್. ಹ್ಯಾಪಿ ಸಿಕ್ಸ್ಟಿಯತ್, ಅಪ್ಪಾ!"

ಪರದೆಯ ಮೇಲೆ ಪಟ್ಟಿ. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಅಪ್ಪನ ದ್ವೀಪ' ಎಂದು ಹೆಸರು, ಕೆಳಗೆ ಒಂಬತ್ತು ಸಾಲು. ಅಜ್ಜಿಯ ಮೆಟ್ಟಿಲು. ಹಲ್ಲಿಯ ಅಂಗಡಿ. ಕೆಂಪು ದಾರಿ. ಉಪ್ಪಿನ ಗದ್ದೆ. ಕುರ್ಚಿಯ ಮೇಲೆ ನಿಂತು ಕೇಳಿದ ಒಂದೇ ಒಂದು ಕತೆಯನ್ನೂ ಹುಡುಗಿ ಮರೆತಿರಲಿಲ್ಲ. ಪ್ರತಿ ಸಾಲಿನ ಎದುರಿಗೂ ಖಾಲಿ ಜಾಗ, ಎಲ್ಲಿದೆ ಎಂದು ಬರೆಯಲು.

"ಗೈಡ್ ಬೇಡ ಅಂದೆ. ನಮ್ಮನೇಲೇ ಗೈಡ್ ಇದ್ದಾನಲ್ಲ!"

ಕೋಕಿಲಾ ಅವಲಕ್ಕಿಯ ತಟ್ಟೆ ಹಿಡಿದು ನಿಂತವಳು, "ಅಲ್ಲಿ ಜನ ಬಟ್ಟೆ ಹಾಕ್ಕೋತಾರೋ ಇಲ್ವೋ ಅಂತ ಮೊದ್ಲು ಕೇಳು ನಿಮ್ಮಪ್ಪನ್ನ," ಎಂದಳು. ಆದರೆ ಅವಳ ಮುಖವೂ ಅರಳಿತ್ತು. ತುಕ್ರಣ್ಣನ ಮೂವತ್ತು ವರ್ಷದ ಸುಳ್ಳು ಈಗ ಕೈಗೆ ಬೋರ್ಡಿಂಗ್ ಪಾಸು ಹಿಡಿದುಕೊಂಡು ನಿಂತಿತ್ತು. ದ್ವೀಪಕ್ಕೆ ಕಾಲಿಟ್ಟ ಮೊದಲ ಗಂಟೆಯಲ್ಲೇ ಮಗಳಿಗೆ ಗೊತ್ತಾಗುತ್ತದೆ, ಅಪ್ಪ ಸುಳ್ಳುಗಾರ ಎಂದು. ಬೇರೆ ಯಾರು ಏನೆಂದರೂ ತಡೆದುಕೊಂಡಾನು. ಆ ಒಬ್ಬಳ ಕಣ್ಣಲ್ಲಿ ಕೆಳಗೆ ಬೀಳುವುದನ್ನು ಅವನು ಹೇಗೆ ತಡೆದುಕೊಂಡಾನು?

ತಪ್ಪಿಸಿಕೊಳ್ಳಲು ನೋಡಿದ, ನೋಡಲಿಲ್ಲ ಎನ್ನುವಂತಿಲ್ಲ. ಮಾರನೆಯ ವಾರ ಹೆಂಡತಿಯ ಹತ್ತಿರ, "ಕೋಕಿಲಾ, ಇದೆಲ್ಲ ಯಾಕೆ ಮಾರಾಯ್ತಿ? ಶಾಂತಿ ಮಾಡಿಸುವ. ದೇವರ ಕೆಲಸ ಅಲ್ವಾ?" ಎಂದ. ದೇವಸ್ಥಾನಕ್ಕೆ ಹೋದರೆ ಪ್ರಸಾದದ ಸಾಲಿನಲ್ಲಿ ಮಾತ್ರ ಕಾಣಿಸುವ ಗಂಡ ಹೀಗೆಂದದ್ದಕ್ಕೆ ಅವಳು ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ವಲ್ಲ. ಏನಾಯ್ತ್ರೀ ನಿಮ್ಗೆ?"

"ಏನಾಗ್ಲಿಕ್ಕೆ ಉಂಟು? ಸುಮ್ಮನೆ ಹೇಳಿದೆ."

ಆಮೇಲೆ ಲಾಂಡ್ರಿಯಲ್ಲಿ ಟೀ ಬಿಡುವು ಸಿಕ್ಕಾಗಲೆಲ್ಲ ಫೋನಿನಲ್ಲಿ ಇಬೀಜಾದ ಬೀದಿಗಳನ್ನು ಬಾಯಿಪಾಠ ಮಾಡತೊಡಗಿದ. ಪರೀಕ್ಷೆಯ ಹಿಂದಿನ ದಿನ ಪುಸ್ತಕ ಹಿಡಿದ ದಡ್ಡನ ಹಾಗೆ. ಕೋಟೆ ಸಿಕ್ಕಿತು, ಗುಡ್ಡದ ಮೇಲೆ. ಮೆಟ್ಟಿಲುಗಳೂ ಸಿಕ್ಕವು, ಬೇಕಾದಷ್ಟು. ಹಲ್ಲಿಯ ಅಂಗಡಿ ಎಲ್ಲಿಂದ ಸಿಗಬೇಕು? ಒಂದು ಸಂಜೆ ಪ್ರಜ್ಞಾ ಫೋನು ಮಾಡಿ, "ಅಜ್ಜಿಯ ಮೆಟ್ಟಿಲು ಎಲ್ಲಿ, ಅದಾದ್ರೂ ಹೇಳು," ಎಂದು ಪೀಡಿಸಿದಾಗ, "ಕೋಟೆಯ ತುದಿಯಲ್ಲಿ ಮಗಾ, ಮೇಲೆ, ತುಂಬಾ ಮೇಲೆ," ಎಂದುಬಿಟ್ಟ. ಅಷ್ಟು ಮೇಲೆ ಹತ್ತಿ ಯಾರು ಹುಡುಕುತ್ತಾರೆ ಎಂಬ ಲೆಕ್ಕಾಚಾರ ಅವನದು.

ಬುದ್ಧಿವಂತ! ಮಗಳು ಅಲ್ಲಿಯೇ ಕೋಣೆ ಗೊತ್ತು ಮಾಡಿದಳು. ಕೋಟೆಯ ತುದಿಯಲ್ಲಿ, ಕಾರು ಹೋಗದ ಓಣಿಯಲ್ಲಿ, ನೂರ ಹನ್ನೆರಡು ಮೆಟ್ಟಿಲುಗಳ ಮೇಲೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಅಪ್ಪನಿಗೆ ಅವನ ಮೆಟ್ಟಿಲೇ ಕಾಣಬೇಕು ಎಂದು ಅವಳ ಆಸೆ.

ಕೋಕಿಲಾಳ ಎರಡೂ ಮಂಡಿ ಸವೆದಿದ್ದವು. ಮನೆಯ ಮಹಡಿಗೆ ಇರುವುದೇ ಹದಿಮೂರು ಮೆಟ್ಟಿಲು, ಅದಕ್ಕೇ ಎರಡು ಕಡೆ ನಿಲ್ಲುವವಳು. ಮಾರ್ಚಿನ ಒಂದು ಭಾನುವಾರ ತುಕ್ರಣ್ಣ ಹಾಲು ತರಲು ಹೋಗಿ, ಚೀಲ ಮರೆತು, ಅರ್ಧ ದಾರಿಯಿಂದ ವಾಪಸು ಬಂದ. ಒಳಗೆ ಬಂದರೆ ಕೋಕಿಲಾ ಮೆಟ್ಟಿಲು ಹತ್ತುತ್ತಿದ್ದಾಳೆ. ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಾಳೆ, ತುಟಿ ಕಚ್ಚಿಕೊಂಡಿದ್ದಾಳೆ, ಮನೆ ತುಂಬ ನೋವಿನೆಣ್ಣೆಯ ವಾಸನೆ.

"ಏನಿದು?" ಎಂದ ಅವನು.

ಅವಳು ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಿಂತಳು. "ಏನಿಲ್ಲ, ಪ್ರಾಕ್ಟೀಸು. ಈಗ ನಾಲ್ಕು ಸಲ ಆಗತ್ತೆ. ಮೇ ಹೊತ್ತಿಗೆ ಒಂಬತ್ತು ಸಲ ಹತ್ತೀನಿ ನೋಡಿ. ನೀವು ಅಷ್ಟು ವರ್ಷದಿಂದ ಹೇಳಿದ ಮೆಟ್ಟಿಲು, ನಾನೂ ಒಂದ್ಸಲ ಅಲ್ಲಿ ಕೂತ್ಕೋಬೇಡ್ವಾ?"

ತುಕ್ರಣ್ಣ ಚೀಲ ತೆಗೆದುಕೊಂಡ, ಹೊರಗೆ ಹೋದ, ಕಾರಿನಲ್ಲಿ ಕೂತು ಅತ್ತ. ಹಾಲು ತರಲಿಲ್ಲ.

ಮಧ್ಯಾಹ್ನ ಪ್ರಜ್ಞಾ ಬಂದಳು. ಊಟವಾಯಿತು. ಡ್ರೈಯರಿನಿಂದ ಚಾದರ ತೆಗೆದಾಗ ಹಳೆಯ ಅಭ್ಯಾಸದಂತೆ ಅವಳು ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ. ಕುರ್ಚಿ ಬೇಕಾಗಿರಲಿಲ್ಲ, ಈಗ ಅವಳೇ ಅಪ್ಪನಿಗಿಂತ ಎತ್ತರ. ಝಾಡಿಸಿದರು. ಎಳೆದರು. ತುದಿ ಸೇರಿಸಲು ಅವಳು ಹತ್ತಿರ ಬಂದಾಗ ಅವನು ಹೇಳಿದ, "ಮಗಾ, ಆ ಕೋಣೆ ಕ್ಯಾನ್ಸಲ್ ಮಾಡು. ನಾನು ಆ ದ್ವೀಪದಲ್ಲಿ ಒಂದು ದಿನವೂ ಇಳಿದವನಲ್ಲ."

"ವಾಟ್?"

"ಇಳಿಯಲೇ ಇಲ್ಲ. ಅಜ್ಜಿ ಇಲ್ಲ, ಹಲ್ಲಿ ಇಲ್ಲ. ಎಲ್ಲ ಜೇಬಿನಲ್ಲಿ ಸಿಕ್ಕಿದ್ದು. ಬೇರೆಯವರ ಜೇಬಿನಲ್ಲಿ."

ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಕೋಕಿಲಾ ಟಿ.ವಿ.ಯ ಸದ್ದು ನಿಲ್ಲಿಸಿದಳು. ತುಕ್ರಣ್ಣ ಚಾದರದ ತುದಿ ಬಿಡದೆ ಎಲ್ಲ ಹೇಳಿದ. ಕೆಳಗಿನ ಕೋಣೆ, ಟ್ಯೂಬ್‌ಲೈಟು, ಶುಕ್ರವಾರಗಳು. ಎಲ್ಲಕ್ಕಿಂತ ಕಷ್ಟದ ಮಾತನ್ನೂ ಹೇಳಿದ. ಕೊನೆಯ ಶುಕ್ರವಾರ ಅವನಿಗೆ ರಜೆ ಸಿಕ್ಕಿತ್ತು. ಹನ್ನೊಂದರಿಂದ ಎರಡರವರೆಗೆ, ಮೂರು ಗಂಟೆ. ಕೋಣೆಯ ಜೊತೆಗಾರ ಮನೀಶ್, ಬಾರಿನಲ್ಲಿ ಕೆಲಸ ಮಾಡುತ್ತಿದ್ದವ, ದ್ವೀಪ ತೋರಿಸುತ್ತೇನೆ ಬಾ ಎಂದು ಇಳಿಯುವ ಬಾಗಿಲಲ್ಲಿ ಕಾಯುತ್ತಿದ್ದ. ತುಕ್ರ ಬಿಳಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿಕೊಂಡ. ಹಿಂದಿನ ದಿನದ ಮಧ್ಯಾಹ್ನದಿಂದ ನಿಂತೇ ಕೆಲಸ ಮಾಡಿದ್ದ. ಶೂ ಹಾಕಿಕೊಳ್ಳಲು ಮಂಚದ ಮೇಲೆ ಕೂತ. ಒಂದು ಶೂ ಹಾಕಿದ್ದು ನೆನಪು. ಕಣ್ಣು ಬಿಟ್ಟಾಗ ಮಂಚ ನಡುಗುತ್ತಿತ್ತು, ಹಡಗು ಹೊರಟಾಗಿತ್ತು. ಓಡಿ ಮೇಲೆ ಹೋಗಿ ನೋಡಿದರೆ ದ್ವೀಪ ಅಂಗೈಯಷ್ಟಾಗಿ ದೂರ ಹೋಗುತ್ತಿತ್ತು.

"ನಿದ್ದೆ ಬಂತು ಅಂತ ಯಾರ ಹತ್ರ ಹೇಳುದು? ನಾಚಿಕೆ ಆಯ್ತು ಮಗಾ. ಅದಕ್ಕೇ ಕಂಡ ಹಾಗೆ ಹೇಳಿದೆ. ಒಮ್ಮೆ ಹೇಳಿದ ಮೇಲೆ ಬಿಡ್ಲಿಕ್ಕೆ ಆಗ್ಲಿಲ್ಲ. ನೀನು ಅಷ್ಟು ಆಸೆಯಲ್ಲಿ ಕೇಳ್ತಿದ್ದೆ."

ಪ್ರಜ್ಞಾಳ ಮುಖ ಕೆಂಪಾಗಿತ್ತು. "ಆ ಟಿಕೆಟ್?"

"ನನ್ನದಲ್ಲ."

"ಗ್ರೇಡ್ ಟೂ, ಅಪ್ಪಾ. ಇಡೀ ಕ್ಲಾಸಿಗೆ ಹೇಳಿದ್ದೆ. ಐ ಟೋಲ್ಡ್ ಎವ್ರಿಬಡಿ. ಇವತ್ತಿಗೂ ಹೇಳ್ತೀನಿ!" ಅವಳ ದನಿ ಒಡೆಯಿತು. ಕೈಯಲ್ಲಿದ್ದ ತುದಿ ಬಿಟ್ಟಳು. ಚಾದರ ನೆಲಕ್ಕೆ ಬಿತ್ತು. ಬೂಟು ಮೆಟ್ಟಿಕೊಂಡು, ಕೋಟಿನ ಗುಂಡಿ ಕೂಡ ಹಾಕದೆ ಹೋದಳು.

ಆ ವಾರ ಫೋನಿಲ್ಲ. ಕೋಕಿಲಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಸಾರು ಬಡಿಸುತ್ತ, "ಬಾಗಿಲ ಹಿಂದೆ ನಿಂತ್ಕೊಂಡು ಕೇಳಿದ್ನಲ್ಲ, ಅವತ್ತೇ ನಿಮ್ಮನ್ನ ಮೆಚ್ಚಿದ್ದು ನಾನು. ದ್ವೀಪ ನೋಡ್ದೋನು ಅಂತ ಅಲ್ಲ. ಅಷ್ಟು ಚೆಂದ ಹೇಳ್ತೀರಿ ಅಂತ," ಎಂದಳು. ಸಾರಿನ ಸೌಟು ಕೆಳಗಿಟ್ಟು, "ಆದ್ರೂ ನಂಗೆ ಹೇಳ್ಬಹುದಿತ್ತು," ಎಂದಳು. ಅವನು ತಲೆ ತಗ್ಗಿಸಿ ಉಂಡ. ಅವಳು ಕ್ಷಮಿಸಿದ್ದಾಳೆ ಎಂದು ಗೊತ್ತಾಯಿತು, ಯಾಕೆಂದರೆ ಹಪ್ಪಳ ಎರಡು ಹಾಕಿದಳು. ಮಗಳ ವಿಷಯದಲ್ಲಿ ಹಾಗೆ ಗೊತ್ತಾಗಲು ಹಪ್ಪಳವೂ ಇರಲಿಲ್ಲ.

ಶನಿವಾರ ಅವನೊಬ್ಬನೇ ಪೋರ್ಟ್ ಕ್ರೆಡಿಟ್ಟಿಗೆ ಹೋದ. ಪ್ರಜ್ಞಾ ಚಿಕ್ಕವಳಿದ್ದಾಗ ದೋಣಿ ನೋಡಲು ಕರೆತರುತ್ತಿದ್ದ ಜಾಗ. ದೋಣಿಗಳೆಲ್ಲ ಇನ್ನೂ ಚಳಿಗಾಲದ ಬಿಳಿ ಪ್ಲಾಸ್ಟಿಕ್ಕಿನೊಳಗೆ ಮಲಗಿದ್ದವು. ಅಲ್ಲಿಯ ಒಂದು ಕಲ್ಲು ಬೆಂಚಿನ ಮೇಲೆ ಅವಳನ್ನು ನಿಲ್ಲಿಸಿ, ಅಲ್ಲಿ ನೋಡು, ಹಾಗೇ ಹೋದರೆ ಅಪ್ಪನ ದ್ವೀಪ ಎಂದು ಸಮುದ್ರದಷ್ಟು ದೊಡ್ಡ ಸರೋವರದ ಆಚೆ ದಡದ ಕಡೆಗೆ ಬೆರಳು ತೋರಿಸುತ್ತಿದ್ದ. ಹಾಗೇ ಹೋದರೆ ಸಿಗುವುದು ಅಮೆರಿಕ. ಅವಳು ಮಾತ್ರ ಕೈ ಬೀಸಿ ಅಜ್ಜಿಗೆ ಟಾಟಾ ಮಾಡುತ್ತಿದ್ದಳು.

ಭಾನುವಾರ ಹನ್ನೆರಡಕ್ಕೆ ಬಾಗಿಲಲ್ಲಿ ಬೂಟಿನ ಸದ್ದು. ಪ್ರಜ್ಞಾ ಬಂದಳು, ಲ್ಯಾಪ್‌ಟಾಪು ಮೇಜಿನ ಮೇಲಿಟ್ಟಳು, ಅಪ್ಪನ ಎದುರು ಕೂತಳು. ನಗಲಿಲ್ಲ.

"ಯಾವ ಕಾಲು?"

"ಎಂತ?"

"ಶೂ. ಒಂದು ಶೂ ಹಾಕಿದ್ದೆ ಅಂದ್ಯಲ್ಲ. ಯಾವ ಕಾಲಿಗೆ?"

"ಬಲಗಾಲಿಗೆ. ಲೇಸೂ ಕಟ್ಟಿದ್ದೆ. ಎಡಗಾಲಲ್ಲಿ ಸಾಕ್ಸು ಮಾತ್ರ. ಹಾಗೇ ಓಡಿದ್ದು ಮೇಲೆ. ಕಾಲು ಸುಟ್ಟಿತು, ಡೆಕ್ಕು ಕಾದಿತ್ತು."

ಅವಳು ಅವನನ್ನೇ ನೋಡುತ್ತಿದ್ದಳು. ಮೊದಲು ಅವಳು ನಕ್ಕಳೋ ಅತ್ತಳೋ ಹೇಳುವುದು ಕಷ್ಟ, ಎರಡೂ ಒಟ್ಟಿಗೇ ಬಂದವು. "ಒಂದು ಶೂ ಹಾಕ್ಕೊಂಡು! ಓ ಮೈ ಗಾಡ್, ಅಪ್ಪಾ. ಇದನ್ನು ಯಾಕೆ ಹೇಳ್ಲಿಲ್ಲ ನಂಗೆ? ದಿಸ್ ಈಸ್ ದ ಬೆಸ್ಟ್ ವನ್!"

"ಹಡಗು ಬಿಟ್ಟೂ ಬಿಟ್ಟು ಕೊನೆಗೆ ದಡ ಸೇರಿದ್ರಿ," ಎಂದಳು ಕೋಕಿಲಾ ಅಡಿಗೆಮನೆಯಿಂದ. ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಮೇಲೆ ಪ್ರಜ್ಞಾ ಪಟ್ಟಿ ತೆರೆದಳು. ಗುಡ್ಡದ ಮೇಲಿನ ಕೋಣೆ ಹೋಗಿ, ಕೆಳಗೆ ಬಂದರಿನ ಪಕ್ಕ ಲಿಫ್ಟಿರುವ ಹೋಟೆಲು ಬಂದಿತ್ತು. ಅಜ್ಜಿ, ಹಲ್ಲಿ, ಒಂಬತ್ತೂ ಸಾಲುಗಳನ್ನು ಅವಳು ಅಳಿಸಿಬಿಟ್ಟಿದ್ದಳು. "ಈಗ ನಿಜ ಹೇಳು. ಜೇಬಲ್ಲಿ ಏನೇನು ಸಿಗ್ತಿತ್ತು? ಓನ್ಲಿ ಜೇಬು. ಬಾಯಿಂದ ಬಂದದ್ದು ಬೇಡ."

ತುಕ್ರಣ್ಣ ಕಣ್ಣು ಮುಚ್ಚಿ ಹೇಳಿದ. ಅಂಚಿನ ಕೆಂಪು ಮಣ್ಣು, ಅಂಜೂರದ ಕಲೆ, ಉಪ್ಪಿನ ಗೆರೆ, ಮಿನುಗುವ ಪುಡಿ, ಒಣಗಿದ ಪೈನ್ ಎಲೆಯ ಸೂಜಿಗಳು, ಒಂದು ಮಗುವಿನ ಚಡ್ಡಿಯ ಜೇಬಿನಲ್ಲಿ ಹನ್ನೊಂದು ಕಪ್ಪೆಚಿಪ್ಪು. ಹೇಳುತ್ತ ಹೇಳುತ್ತ ಆ ಕೋಣೆಯ ಬಿಸಿ ಆವಿ ಮುಖಕ್ಕೆ ಹೊಡೆದಂತಾಯಿತು. ಆ ಜೇಬುಗಳ ಜನರನ್ನೆಲ್ಲ ಅವನು ಎಷ್ಟು ಹತ್ತಿರದಿಂದ ಬಲ್ಲವನಾಗಿದ್ದ, ಒಬ್ಬರ ಮುಖವನ್ನೂ ನೋಡದೆ. ಅವಳು ಒಂದೊಂದನ್ನೂ ಟೈಪು ಮಾಡಿದಳು. ಮಣ್ಣು ಎಲ್ಲಿ ಕೆಂಪು, ಉಪ್ಪು ಎಲ್ಲಿ ತೆಗೆಯುತ್ತಾರೆ, ಎಲ್ಲ ಹುಡುಕಿ ಎದುರಿಗೆ ಬರೆದಳು. ನೊರೆಯ ಕುಣಿತಕ್ಕೆ ಒಂದು ಸಂಜೆ ಇಟ್ಟಳು. "ಅಮ್ಮ, ನೀನೂ ಬರ್ಬೇಕು," ಎಂದರೆ ಕೋಕಿಲಾ, "ನೊರೇಲಿ ಮಂಡಿ ಯಾರಿಗೂ ಕಾಣಲ್ಲ, ಬರ್ತೀನಿ," ಎಂದಳು.

ಎಲ್ಲ ಆದ ಮೇಲೆ ಪ್ರಜ್ಞಾ ಚೀಲದಿಂದ ಏನೋ ತೆಗೆದಳು. ಹಳದಿ ಟಿಕೇಟು. ಇಪ್ಪತ್ತು ವರ್ಷದ ಪ್ಲಾಸ್ಟಿಕ್ಕನ್ನು ಅಂಚಿನಲ್ಲಿ ಕತ್ತರಿಸಿ ಬಿಡಿಸಿದ್ದಳು. ಬರುವ ಭಾಗ ಇನ್ನೂ ಹಾಗೇ ಇತ್ತು.

"ಉದ್ಯಾವರದ ಅಜ್ಜಿ ಏನು ಮಾಡ್ತಿದ್ರು ಅಂದೆ? ಜೇಬಲ್ಲಿ ಸಿಕ್ಕಿದ್ದನ್ನು?"

"ವಾಪಸು ಕೊಡ್ತಿದ್ಳು."

"ಸೋ ಕೊಡೋಣ. ಆ ದ್ವೀಪದ ಬಸ್ ಸ್ಟಾಪಲ್ಲಿ ಇಟ್ಟು ಬರೋಣ."

ಅವಳು ಅವನ ಕರವಸ್ತ್ರ ತೆಗೆದುಕೊಂಡು, ಟಿಕೇಟನ್ನು ಮಡಿಸಿ ತುದಿಯಲ್ಲಿಟ್ಟು, ಗಂಟು ಹಾಕಲು ಹೋದಳು. ಬರಲಿಲ್ಲ. ಜಾರಿತು. ತುಕ್ರಣ್ಣ ಕೈ ಚಾಚಿದ, ಮತ್ತೆ ಹಿಂದಕ್ಕೆ ತೆಗೆದುಕೊಂಡ. "ತುದಿಯನ್ನು ಒಳಗಿಂದ ತಾ. ಹಾಂ, ಹಾಗೆ. ಈಗ ಎಳಿ," ಎಂದ. ಅವಳು ಎಳೆದಳು. ಗಂಟು ನಿಂತಿತು.

ಮೇ ತಿಂಗಳಲ್ಲಿ ವಿಮಾನ ಹತ್ತುವಾಗ ತುಕ್ರಣ್ಣನ ಜೇಬಿನಲ್ಲಿ ಆ ಕರವಸ್ತ್ರವಿತ್ತು, ಜೊತೆಗೆ ಪ್ರವಾಸದ ಹೊಸ ಪಟ್ಟಿಯ ಮಡಿಸಿದ ಒಂದು ಹಾಳೆ. ಇಷ್ಟು ವರ್ಷ ಕನ್ನಡ ಬರೆಯಲು ಬಾರದು ಎನ್ನುತ್ತಿದ್ದ ಮಗಳು ಅದರ ಮೊದಲ ಸಾಲನ್ನು ಕನ್ನಡದಲ್ಲೇ, ಗುಂಡು ಗುಂಡಾಗಿ, ಶಾಲೆಯ ಮಗುವಿನ ಅಕ್ಷರದಲ್ಲಿ ಬರೆದಿದ್ದಳು:

ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅಪ್ಪ ಎರಡೂ ಶೂ ಹಾಕಿಕೊಳ್ಳುವುದು. ನಾನು ಪಕ್ಕದಲ್ಲಿ ಕೂತಿರುತ್ತೇನೆ.